ಉಸಣ್ ಭರಲೀ? ಸೊಂಟ ಹಿಡಿದವರಿಗೆ ಹನ್ನೆರಡು ಸೂತ್ರ

ಗ್ಯಾಸ್ ಸಿಲಿಂಡರ್ ಎತ್ತಿದಾಗ ಏನೂ ಆಗಲಿಲ್ಲ. ಒಳಗಿನ ಅನಿಲವೇ 14.2 ಕಿಲೊ, ಕಬ್ಬಿಣ ಸೇರಿದರೆ ಸುಮಾರು 30. ಅದನ್ನು ಬಾಗಿಲಿನಿಂದ ಅಡುಗೆಮನೆಗೆ ಸಾಗಿಸಿ, ಐವತ್ತು ದಾಟಿದರೂ ಏನಾಗಿದೆ ನನಗೆ ಎಂದುಕೊಂಡೆ. ಹತ್ತು ನಿಮಿಷದ ಮೇಲೆ, ಮಾರ್ಕೆಟ್ ಯಾರ್ಡ್‌ನಿಂದ ತಂದ ಚೀಲದಿಂದ ಕೊತ್ತಂಬರಿಯ ಒಂದು ಎಸಳು ನೆಲಕ್ಕೆ ಬಿತ್ತು. ಬಗ್ಗಿದೆ. ಸೊಂಟದಲ್ಲಿ ಚಳಕ್ ಎಂದಿತು. ಅಷ್ಟೇ. ಮೇಲೆ ಏಳಲಿಕ್ಕಿಲ್ಲ, ಕೆಳಗೆ ಕೂರಲಿಕ್ಕಿಲ್ಲ, ಒಲೆಗೆ ನಮಸ್ಕಾರ ಮಾಡುತ್ತಿರುವ ಭಂಗಿಯಲ್ಲಿ ನಿಂತುಬಿಟ್ಟೆ.

ಪುಣೆಯಲ್ಲಿ ನಾವಿರುವ ಬಿಬವೇವಾಡಿಯ ಸೊಸೈಟಿಗಳಲ್ಲಿ ಇಂಥ ಸುದ್ದಿ ಲಿಫ್ಟ್‌ಗಿಂತ ಬೇಗ ಮಹಡಿ ಹತ್ತುತ್ತದೆ. ಎದುರುಮನೆಯ ಕಾಕು ಒಳಬಂದು ‘ಉಸಣ್ ಭರಲೀ ಕಾ?’ ಎಂದರು. ಮರಾಠಿಯಲ್ಲಿ ಸೊಂಟ ಹಿಡಿಯುವುದಕ್ಕೆ ಉಸಣ್ ಭರಣೆ ಎನ್ನುತ್ತಾರೆ. ಫೋನಿನಲ್ಲಿ ಧಾರವಾಡದಿಂದ ಅವ್ವ, ‘ನಡಾ ಹಿಡಕೊಂಡತೇನೋ? ಉಪ್ಪಿನ ಶಾಖಾ ತಗೋ’ ಎಂದಳು. ಮೈಸೂರಿನ ಅತ್ತಿಗೆ, ‘ಸೊಂಟ ಉಳುಕಿದೆ, ಅಲ್ಲಾಡಬೇಡಿ’ ಎಂದರು. ಕಾಕು ಇನ್ನೊಂದು ಮಾತು ಸೇರಿಸಿದರು: ‘ಪಾಯಾಳೂ ಮನುಷ್ಯನಿಂದ ಒದೆಸಿಕೊಳ್ಳಿ.’ ಅದು ಆಮೇಲೆ.

ಆ ಎರಡು ವಾರದಲ್ಲಿ ಕಲಿತದ್ದು, ಓದಿದ್ದು, ವೈದ್ಯರಿಂದ ಬೈಸಿಕೊಂಡದ್ದು ಎಲ್ಲ ಸೇರಿಸಿ ಈ ಸೂತ್ರಗಳು.

1. ನಿಂತಲ್ಲೇ ನಿಲ್ಲಿ, ಆಮೇಲೆ ನೆಲ ಹುಡುಕಿ

ನೋವು ಬಂದ ಕ್ಷಣ ಮಾಡುವ ಮೊದಲ ತಪ್ಪು, ಛಲ ಹಿಡಿದು ನೆಟ್ಟಗಾಗಲು ನೋಡುವುದು. ಸ್ನಾಯುಗಳು ಬಿಗಿದುಕೊಂಡಿರುವುದು ಒಳಗಿನ ಪೆಟ್ಟಿಗೆ ಕಾವಲು ನಿಲ್ಲಲಿಕ್ಕೆ. ಅವುಗಳೊಂದಿಗೆ ಜಗಳಕ್ಕೆ ಬಿದ್ದರೆ ಇನ್ನಷ್ಟು ಬಿಗಿಯುತ್ತವೆ. ಕಟ್ಟೆಯನ್ನೋ ಕುರ್ಚಿಯನ್ನೋ ಹಿಡಿದು ನಾಲ್ಕು ನಿಧಾನ ಉಸಿರು ತೆಗೆದುಕೊಳ್ಳಿ. ಮೊಣಕಾಲೂರಿ, ಕೈಯೂರಿ, ಮಗ್ಗುಲಾಗಿ, ಕೊನೆಗೆ ಚಾಪೆಯ ಮೇಲೆ ಅಂಗಾತ. ಮೀನಖಂಡ ಎರಡನ್ನೂ ಪ್ಲಾಸ್ಟಿಕ್ ಕುರ್ಚಿಯ ಮೇಲಿಡಿ; ತೊಡೆ ನೆಟ್ಟಗೆ, ಮೊಣಕಾಲು ಮಡಚಿ. ಹತ್ತು ನಿಮಿಷದಲ್ಲಿ ‘ಅಯ್ಯೋ’ ಹೋಗಿ ‘ಅಬ್ಬಾ’ ಬರುತ್ತದೆ. ನನಗೆ ಕಂಡ ಮಟ್ಟಿಗೆ ಮನೆಮದ್ದಿನಲ್ಲೆಲ್ಲ ಪುಕ್ಕಟೆಯಾದದ್ದು, ಬೇಗ ಕೆಲಸ ಮಾಡುವುದು ಇದೇ.

2. ಇದು ಮನೆಮದ್ದಿನ ನೋವೇ, ನೋಡಿಕೊಳ್ಳಿ

ಉಪ್ಪು ಹುರಿಯುವ ಮೊದಲು ಎರಡು ನಿಮಿಷ ಇಲ್ಲಿ ಕಳೆಯಿರಿ. ಮೂತ್ರ ಕಟ್ಟಿದ್ದರೆ, ಇಲ್ಲವೇ ತಾನಾಗಿ ಹೋಗುತ್ತಿದ್ದರೆ. ಮಲದ ಹಿಡಿತ ತಪ್ಪಿದ್ದರೆ. ಸೈಕಲ್ ಸೀಟಿಗೆ ತಾಗುವ ಜಾಗವೆಲ್ಲ ಜೋಮು ಹಿಡಿದಿದ್ದರೆ. ಕಾಲಿನ ಶಕ್ತಿ ಕುಗ್ಗಿ ಪಾದ ಎಳೆಯುತ್ತಿದ್ದರೆ. ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ಬೆನ್ನುಹುರಿಯ ಕೊನೆಯ ನರಗಳ ಗೊಂಚಲು ಅದುಮಿಕೊಂಡಿರಬಹುದು. ಅಲ್ಲಿ ಲೆಕ್ಕ ಗಂಟೆಗಳದ್ದು, 108ಕ್ಕೆ ಫೋನ್ ಮಾಡಿ.

ಜ್ವರ, ಕಾರಣವಿಲ್ಲದೆ ಇಳಿದ ತೂಕ, ಹಿಂದೆ ಕ್ಯಾನ್ಸರ್ ಆಗಿದ್ದ ಚರಿತ್ರೆ, ಬಹುಕಾಲದ ಸ್ಟಿರಾಯ್ಡ್ ಮಾತ್ರೆ, ಮಾಳಿಗೆಯಿಂದಲೋ ಸ್ಕೂಟರಿನಿಂದಲೋ ಬಿದ್ದ ಪೆಟ್ಟು ಇದ್ದರೂ ಮೊದಲು ವೈದ್ಯರೇ. ವಯಸ್ಸಾದ ಹೆಂಗಸರಿಗಂತೂ ಬಚ್ಚಲಲ್ಲಿ ಸುಮ್ಮನೆ ಜಾರಿ ಕುಂಡಿಯೂರಿ ಕೂತರೂ ಬೆನ್ನೆಲುಬು ಕುಸಿಯಬಹುದು. ಬೆನ್ನಿನ ಪಕ್ಕದಿಂದ ತೊಡೆಸಂದಿಗೆ ಅಲೆಯಲೆಯಾಗಿ ಇಳಿಯುವ, ಹೇಗೆ ಮಲಗಿದರೂ ಬಿಡದ ನೋವು ಮೂತ್ರಪಿಂಡದ ಕಲ್ಲಿನದೂ ಆಗಿರಬಹುದು. ಉಳುಕಿನ ನೋವಿಗೆ ನೆಮ್ಮದಿಯ ಒಂದಾದರೂ ಭಂಗಿ ಸಿಗುತ್ತದೆ, ಕಲ್ಲಿನ ನೋವಿಗೆ ಸಿಗುವುದಿಲ್ಲ.

ಅಂದಹಾಗೆ, ಬಿಬವೇವಾಡಿಯಲ್ಲೇ ಕಾರ್ಮಿಕರ ವಿಮೆಯ ಇಎಸ್‌ಐ ಆಸ್ಪತ್ರೆ ಇದೆ. ಕಾರ್ಖಾನೆಯಲ್ಲಿ ದುಡಿಯುವ ಎಷ್ಟೋ ಮಂದಿ ವಿಮೆಯ ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡೇ ಖಾಸಗಿ ದವಾಖಾನೆಗೆ ಸಾಲ ಮಾಡಿ ಹೋಗುತ್ತಾರೆ.

3. ಮಲಗಿರಬೇಡಿ

ಇದು ಮೂಲಸೂತ್ರ. ಅತ್ತಿಗೆಯ ‘ಅಲ್ಲಾಡಬೇಡಿ’ಯನ್ನು ನಮ್ಮಪ್ಪನ ಕಾಲದ ವೈದ್ಯರೂ ಹೇಳುತ್ತಿದ್ದರು. ಹಲಗೆಯ ಮೇಲೆ ಮೂರು ವಾರ ಮಲಗಿಸುತ್ತಿದ್ದರು. ಆ ಪದ್ಧತಿ ಈಗ ಹೋಗಿದೆ. ಫಿನ್ಲೆಂಡಿನ ಹೆಲ್ಸಿಂಕಿ ನಗರಾಡಳಿತದ 186 ನೌಕರರ ಮೇಲೆ ನಡೆಸಿದ ಒಂದು ಪ್ರಯೋಗ 1995ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಆಗಷ್ಟೇ ಸೊಂಟ ಹಿಡಿದಿತ್ತು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ಏನೂ ಇಲ್ಲ: ನೋವು ಬಿಟ್ಟಷ್ಟು ದಿನದ ಕೆಲಸ ಮಾಡಿಕೊಂಡಿರಿ ಎಂದರು. ಎಲ್ಲರಿಗಿಂತ ಬೇಗ ಸುಧಾರಿಸಿದ್ದು ಈ ಮೂರನೆಯವರು. ಹಾಸಿಗೆ ಹಿಡಿದವರು ಹಿಂದೆ ಬಿದ್ದರು.

ಹಾಗಾಗಿ ಮೊದಲ ದಿನ ಬೇಕಾದಾಗ ಒರಗಿ, ಆದರೆ ಗಂಟೆಗೊಮ್ಮೆ ಎದ್ದು ಅಡುಗೆಮನೆಯಿಂದ ಬಾಲ್ಕನಿಗೆ ಎರಡು ಸುತ್ತು. ಎರಡನೆಯ ದಿನ ಸೊಸೈಟಿಯ ಗೇಟಿನವರೆಗೆ. ನಾಲ್ಕನೆಯ ದಿನ ನಾನು ರಸ್ತೆಯ ತುದಿಯ ಹಾಲಿನ ಅಂಗಡಿ ಮುಟ್ಟಿದೆ. ಹೋಗಲು ಹದಿನೇಳು ನಿಮಿಷ. ಒಬ್ಬ ಅಜ್ಜ ಕೋಲೂರಿಕೊಂಡು ನನ್ನನ್ನು ಹಿಂದೆ ಹಾಕಿ ಹೋದ, ತಿರುಗಿ ನೋಡಿ ಮರುಕದಿಂದ ನಕ್ಕ. ನೋವಿದ್ದರೂ ನಡೆಯಬಹುದು, ಕಾಲಿಗೆ ಇಳಿಯುತ್ತ ಹೋದರೆ ನಿಲ್ಲಿಸಿ.

4. ಉಪ್ಪಿನ ಶಾಖ: ಅವ್ವ ಹೇಳಿದ್ದು ಸರಿ

ಹಠಾತ್ತನೆ ಬಂದ ಸೊಂಟನೋವಿಗೆ ಮೊದಲು ಔಷಧಿಯಿಲ್ಲದ ಉಪಾಯ ನೋಡಿ ಎಂದು ಅಮೆರಿಕದ ವೈದ್ಯರ ಸಂಸ್ಥೆಯೊಂದು 2017ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರ ಪಟ್ಟಿಯಲ್ಲಿ ಮೈಮೇಲಿನ ಶಾಖಕ್ಕೆ ಒಳ್ಳೆಯ ಸ್ಥಾನವೇ ಇದೆ. ಅವ್ವನಿಗೆ ಓದಿ ಹೇಳಿದೆ. ‘ಅವರಿಗೆ ಈಗ ತಿಳೀತೇನು?’ ಎಂದಳು.

ಮಾಡುವ ಬಗೆ: ಎರಡು ಬೊಗಸೆ ಕಲ್ಲುಪ್ಪನ್ನು ಕಬ್ಬಿಣದ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಹುರಿಯಿರಿ. ಮೊದಲು ತೇವ ಆರುತ್ತದೆ, ಆಮೇಲೆ ಚಟಪಟ ಸಿಡಿಯುತ್ತದೆ. ಸಿಡಿತ ಕಡಿಮೆಯಾಗುತ್ತಿದ್ದಂತೆ ಇಳಿಸಿ. ಹಳೆಯ ಧೋತರದ ಬಟ್ಟೆಯನ್ನು ಎರಡು ಪದರ ಮಡಚಿ ಗಂಟು ಕಟ್ಟಿ. ಪಾಲಿಸ್ಟರ್ ಬೇಡ, ಕರಗಿ ಚರ್ಮಕ್ಕೆ ಅಂಟುತ್ತದೆ. ಗಂಟನ್ನು ಮೊದಲು ಶಾಖ ಕೊಡುವವರು ತಮ್ಮ ಮುಂಗೈಯ ಒಳಬದಿಗೆ ಇಟ್ಟು ನೋಡಲಿ. ಆರಂಭದಲ್ಲಿ ಒತ್ತಿ ತೆಗೆದು, ಒತ್ತಿ ತೆಗೆದು. ಕಾವು ಹದಕ್ಕೆ ಬಂದಮೇಲೆ ಸೊಂಟದ ಎರಡೂ ಪಕ್ಕಕ್ಕೆ ಇಟ್ಟು ಬಿಡಿ. ಹದಿನೈದಿಪ್ಪತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಉಪ್ಪಿಗೆ ನೋವು ಹೀರುವ ಮಾಯೆ ಏನಿಲ್ಲ. ಅದು ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಯ ಉಬ್ಬುತಗ್ಗಿಗೆ ಹೊಂದಿಕೊಂಡು ಕೂರುತ್ತದೆ. ಮರಳಾದರೂ ಆದೀತು. ರಬ್ಬರಿನ ಬಿಸಿನೀರಿನ ಚೀಲವೂ ಆದೀತು: ಮುಕ್ಕಾಲಿಗಿಂತ ಕಡಿಮೆ ತುಂಬಿ, ಗಾಳಿ ಹೊರಹಾಕಿ, ಟವೆಲ್ ಸುತ್ತಿ. ಕುದಿಯುವ ನೀರು ಬೇಡ.

ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಮಂದವಾದವರು ಎಚ್ಚರ. ಸುಟ್ಟದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ಮತ್ತೆ ಐಸ್? ಪೆಟ್ಟು ಬಿದ್ದು ಬಾವು ಬಂದಿದ್ದರೆ ಮೊದಲ ಒಂದೆರಡು ದಿನ ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಬಹುದು. ಉಳುಕಿಗೆ ನನ್ನ ಓಟು ಶಾಖಕ್ಕೆ.

5. ಎಲೆ, ಎಣ್ಣೆ ಇರಲಿ, ಕಣ್ಣು ಜೋಪಾನ

ಎಳ್ಳೆಣ್ಣೆಯೋ ಹರಳೆಣ್ಣೆಯೋ ಬೆಚ್ಚಗೆ ಮಾಡಿ ಮೇಲಿಂದ ಹಗುರವಾಗಿ ಸವರಿಸಿಕೊಳ್ಳಿ. ‘ಗಟ್ಟಿ ಒತ್ತು, ನರ ಬಿಡಲಿ’ ಎನ್ನುವವರ ಕೈಗೆ ಸೊಂಟ ಕೊಡಬೇಡಿ. ಲಕ್ಕಿ ಸೊಪ್ಪು ಇಲ್ಲಿಯವರಿಗೆ ನಿರ್ಗುಡಿ. ಅದನ್ನು ಕುದಿಸಿದ ನೀರಿನ ಸ್ನಾನ ಹಿತವಾಗಿರುತ್ತದೆ, ಅರ್ಧ ಹಿತ ಬಿಸಿನೀರಿನದು. ಎಕ್ಕೆಯ ಎಲೆಗೆ ಎಣ್ಣೆ ಸವರಿ ಹಂಚಿನ ಮೇಲೆ ಬಾಡಿಸಿ ಕಟ್ಟುವ ರೂಢಿ ನಮ್ಮಲ್ಲೂ ಇದೆ, ಇಲ್ಲೂ ಇದೆ. ಕೀಳುವಾಗ ಜಿನುಗುವ ಹಾಲು ಮಾತ್ರ ಕಣ್ಣಿಗೆ ತಾಗಕೂಡದು, ಕರಿಗುಡ್ಡೆಗೆ ಹಾನಿ ಮಾಡುತ್ತದೆ. ಕೆಲವರ ಚರ್ಮಕ್ಕೂ ಬೊಬ್ಬೆ ಬರುತ್ತದೆ. ಎಲೆಗಾಗಿ ಪೊದೆಗೆ ಕೈಹಾಕಿ ಬಗ್ಗುವುದರಲ್ಲೇ ಇನ್ನೊಂದು ಉಳುಕು ಆದೀತೆಂದು ನಾನು ಆ ಸಾಹಸಕ್ಕೆ ಹೋಗಲಿಲ್ಲ.

6. ಮಾತ್ರೆ ನುಂಗುವ ಮೊದಲು

ಪ್ಯಾರಾಸಿಟಮಾಲ್ ಮೇಲೆ ಬಹಳ ಭರವಸೆ ಬೇಡ. ಆಸ್ಟ್ರೇಲಿಯಾದಲ್ಲಿ ಸೊಂಟ ಹಿಡಿದ 1,652 ಮಂದಿಯ ಮೇಲೆ ಅದನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಹೇಳಿದರು. ಮಾತ್ರೆ ತೆಗೆದುಕೊಂಡವರ ಗುಂಪಿನಲ್ಲಿ ಅರ್ಧದಷ್ಟು ಜನ ಚೇತರಿಸಿಕೊಳ್ಳಲು 17 ದಿನ, ಬರೀ ಹುಸಿಗುಳಿಗೆ ನುಂಗಿದವರಲ್ಲಿ 16.

ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯವು ಕೆಲವು ದಿನ ನೋವಿಗೆ ಸಹಾಯ ಮಾಡುತ್ತವೆ, ಅದೂ ಊಟವಾದ ಮೇಲೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದಯದ ಕಾಯಿಲೆ, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ, ಬಸಿರು ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಕೆಮಿಸ್ಟ್ ಕೌಂಟರಿನಲ್ಲಿ ‘ಸೊಂಟಕ್ಕೆ ಏನಾದರೂ ಸ್ಟ್ರಾಂಗ್ ಕೊಡಿ’ ಎಂದು ಕೇಳುವುದೇ ತಪ್ಪು. ಸ್ನಾಯು ಸಡಿಲಿಸುವ ಗುಳಿಗೆ ಸೇರಿಸಿ ಕೊಟ್ಟಾರು, ಅದು ನಿದ್ದೆ ತರಿಸುತ್ತದೆ, ನೀವು ಸ್ಕೂಟರ್ ಹತ್ತುತ್ತೀರಿ. ಹಚ್ಚುವ ಜೆಲ್ ಇದಕ್ಕಿಂತ ಸೌಮ್ಯ. ಆದರೆ ಜೆಲ್ ಹಚ್ಚಿ ಅದರ ಮೇಲೆ ಉಪ್ಪಿನ ಶಾಖ ಇಡಬೇಡಿ.

7. ಬಚ್ಚಲು, ಸೀನು, ಚಡ್ಡಿ

ಇವನ್ನು ಯಾವ ವೈದ್ಯರೂ ಬಿಡಿಸಿ ಹೇಳುವುದಿಲ್ಲ, ದಿನ ಕಳೆಯುವುದೇ ಇವುಗಳಲ್ಲಿ. ಹಾಸಿಗೆಯಿಂದ ಏಳುವಾಗ ನೆಟ್ಟಗೆ ಏಳಬೇಡಿ. ಮರದ ದಿಮ್ಮಿಯಂತೆ ಇಡೀ ಮೈ ಒಟ್ಟಿಗೆ ಮಗ್ಗುಲಾಗಲಿ, ಕಾಲು ಮಂಚದಿಂದ ಇಳಿಯಲಿ, ಆ ಭಾರಕ್ಕೆ ಮೈಯ ಮೇಲ್ಭಾಗ ತಾನೇ ಏಳುತ್ತದೆ, ಕೈಯಿಂದ ಒತ್ತು ಕೊಡಿ. ಅಂಗಾತ ಮಲಗಿದರೆ ಮೊಣಕಾಲ ಕೆಳಗೆ ದಿಂಬು, ಮಗ್ಗುಲಾದರೆ ಮೊಣಕಾಲ ನಡುವೆ ದಿಂಬು.

ಸೀನು ಬಂದರೆ ಗೋಡೆಗೆ ಕೈಯೂರಿ, ಮೊಣಕಾಲು ತುಸು ಮಡಚಿ. ಬಗ್ಗಿ ಸೀನಿದಿರೋ, ಕಣ್ಣಲ್ಲಿ ನಕ್ಷತ್ರ. ಹಲ್ಲುಜ್ಜುವಾಗ ಒಂದು ಕೈ ಬೇಸಿನ್ ಮೇಲೆ. ಚಡ್ಡಿ, ಪ್ಯಾಂಟು ಕೂತು ಹಾಕಿಕೊಳ್ಳಿ, ನೋವಿರುವ ಕಡೆಯ ಕಾಲು ಮೊದಲು. ಕುಕ್ಕರುಗಾಲಿನ ಶೌಚ ಒಂದು ವಾರ ಕಷ್ಟ. ಕಮೋಡ್ ಇಲ್ಲದ ಮನೆಯಲ್ಲಿ ನಡುವೆ ತೂತಿರುವ ಕುರ್ಚಿ ಬಾಡಿಗೆಗೂ ಸಿಗುತ್ತದೆ. ತಿಣುಕಿದರೆ ಸೊಂಟಕ್ಕೇ ಪೆಟ್ಟು, ಆದ್ದರಿಂದ ನೀರು, ಸೊಪ್ಪು, ಹಣ್ಣು, ಬೇಕಾದರೆ ರಾತ್ರಿ ಇಸಬ್‌ಗೋಲ್. ಹಾಸಿಗೆಯಲ್ಲಿದ್ದೇನೆಂದು ಚಹಾ, ಟೋಸ್ಟಿನ ಮೇಲೆ ಎರಡು ದಿನ ಕಳೆದ ನಾನು ಮೂರನೆಯ ಬೆಳಗ್ಗೆ ಅನುಭವಿಸಿದ್ದನ್ನು ಇಲ್ಲಿ ಬರೆಯಲಾರೆ.

8. ಎಂಆರ್‌ಐಗೆ ಓಡಬೇಡಿ

ಎರಡನೆಯ ಸೂತ್ರದ ಲಕ್ಷಣ ಇಲ್ಲದಿದ್ದರೆ ಮೊದಲ ವಾರಗಳಲ್ಲಿ ಚಿತ್ರ ತೆಗೆಸಿ ಪ್ರಯೋಜನವಿಲ್ಲ. ನೋವೇ ಇಲ್ಲದ ಜನರ ಬೆನ್ನಿನ ಚಿತ್ರಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದರು. ಇಪ್ಪತ್ತರ ಹರೆಯದಲ್ಲೇ ನೂರಕ್ಕೆ 37 ಮಂದಿಯ ಡಿಸ್ಕ್ ಸವೆದಿತ್ತು, ಎಂಬತ್ತರಲ್ಲಿ 96 ಮಂದಿಯದು. ಅವರಿಗೆ ಯಾರಿಗೂ ಸೊಂಟನೋವಿರಲಿಲ್ಲ! ತಲೆಗೂದಲು ನರೆಯುವಂತೆ ಡಿಸ್ಕೂ ನರೆಯುತ್ತದೆ. ವರದಿಯಲ್ಲಿ ‘ಡಿಸ್ಕ್ ಬಲ್ಜ್’ ಎಂಬ ಎರಡು ಪದ ಓದಿ, ಅದುವರೆಗೆ ನಡೆದಾಡುತ್ತಿದ್ದ ಮನುಷ್ಯ ಮಂಚ ಹಿಡಿದದ್ದನ್ನು ನಮ್ಮ ಕಟ್ಟಡದಲ್ಲೇ ನೋಡಿದ್ದೇನೆ. ಆರು ವಾರವಾದರೂ ಬಿಡದಿದ್ದರೆ, ಇಲ್ಲವೇ ಕಾಲಿನ ನೋವು ಏರುತ್ತಲೇ ಹೋದರೆ ಆಗ ಕೇಳಿ.

9. ಯೋಗಾಸನ ಇವತ್ತೇ ಬೇಡ

ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಯೋಗ ಕಲಿಸಲು 1937ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾಕ್ಕೆ ಬಂದರು. ಆರು ತಿಂಗಳಿಗೆಂದು ಬಂದವರು 2014ರಲ್ಲಿ ತೀರಿಕೊಳ್ಳುವವರೆಗೂ ಇದೇ ಊರಿನವರಾಗಿ ಉಳಿದರು. ಪತ್ನಿ ರಮಾಮಣಿಯವರ ಹೆಸರಿನ ಸಂಸ್ಥೆ 1975ರಿಂದ ಶಿವಾಜಿನಗರದ ಕಡೆ ನಡೆಯುತ್ತಿದೆ. ಅಂಥವರಿಗೂ 1979ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಸ್ಕೂಟರ್ ಅಪಘಾತವಾಗಿ ಬೆನ್ನಿಗೆ ಪೆಟ್ಟಾಯಿತು. ಕೆಲವೇ ತಿಂಗಳಲ್ಲಿ ಇನ್ನೊಂದು ಅಪಘಾತ. ಅದುವರೆಗೆ ಸಲೀಸಾಗಿ ಮಾಡುತ್ತಿದ್ದ ಆಸನಗಳೂ ಒಗ್ಗದಾದಾಗ ಅವರು ಹಲಗೆ, ಕುರ್ಚಿ, ಹಗ್ಗ, ದಿಂಬುಗಳ ಆಸರೆಯಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿ, ವರ್ಷಗಟ್ಟಲೆ ಕಾದರು.

ನಾವೋ, ಮೂರನೆಯ ದಿನ ಮೊಬೈಲ್ ಎದುರಿಗಿಟ್ಟುಕೊಂಡು ಭುಜಂಗಾಸನಕ್ಕೆ ಎದೆ ಎತ್ತುತ್ತೇವೆ. ಮೊದಲ ವಾರ ಸಾಕಾಗುವುದು ಇಷ್ಟು: ಅಂಗಾತ ಮಲಗಿ ಒಂದೊಂದೇ ಮೊಣಕಾಲನ್ನು ನೋವಿನ ಅಂಚಿನವರೆಗೆ ಎದೆಯ ಕಡೆ ತರುವುದು, ಎರಡೂ ಮೊಣಕಾಲು ಮಡಚಿ ಅತ್ತಿತ್ತ ಗಡಿಯಾರದ ಲೋಲಕದಂತೆ ಸಣ್ಣಗೆ ಆಡಿಸುವುದು. ಉಳಿದದ್ದು ನೋವು ಇಳಿದ ಮೇಲೆ, ಕಲಿಸುವವರ ಎದುರು. ಬೆನ್ನು ತಿರುಚಿ ‘ಟಕ್’ ಅನ್ನಿಸಿ ಕಳಿಸುವ ಕಟಿಂಗ್ ಸಲೂನಿನ ಧೀರರಿಗೆ ದೂರದಿಂದಲೇ ಕೈಮುಗಿಯಿರಿ.

10. ಸ್ಕೂಟರ್ ಚಾವಿ ಹೆಂಡತಿಯ ಕೈಗೆ

ಅಥವಾ ಗಂಡನ ಕೈಗೆ. ಸ್ವಾರ್‌ಗೇಟ್‌ವರೆಗಿನ ಸ್ಪೀಡ್‌ಬ್ರೇಕರ್‌ಗಳನ್ನು ಒಂದು ವಾರ ನಿಮ್ಮ ಸೊಂಟ ಎಣಿಸುವುದು ಬೇಡ. ಸೆಂಟರ್ ಸ್ಟ್ಯಾಂಡ್ ಹಾಕುವುದಂತೂ ಹದಿನೈದು ದಿನ ಬೇಡವೇ ಬೇಡ. ಆಫೀಸಿಗೆ ಹೋಗಲೇಬೇಕಿದ್ದರೆ ಬಸ್ಸಿನ ಹಿಂದಿನ ಚಕ್ರದ ಮೇಲಿನ ಸೀಟು ಬಿಟ್ಟು ಮುಂದೆ ನಿಂತುಕೊಳ್ಳಿ. ಕೂತ ಕೆಲಸದವರು ಅರ್ಧ ಗಂಟೆಗೊಮ್ಮೆ ಎದ್ದು ನೀರು ತುಂಬಿಸಿಕೊಂಡು ಬನ್ನಿ.

11. ಎತ್ತುವುದನ್ನು ಹಮಾಲರಿಂದ ಕಲಿಯಿರಿ

ಎಂಟನೆಯ ದಿನ ನಡಿಗೆಯ ನೆಪದಲ್ಲಿ ಮಾರ್ಕೆಟ್ ಯಾರ್ಡ್‌ಗೆ ಹೋಗಿ ಒಂದು ತಾಸು ಕೂತೆ. ಈರುಳ್ಳಿಯ ಗೋಣಿ ಏರಿಸುವುದನ್ನು ಹತ್ತಿರದಿಂದ ನೋಡಿ. ಹಮಾಲ ನೆಲದಿಂದ ತಾನೊಬ್ಬನೇ ಎತ್ತುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ಎತ್ತುತ್ತಾರೆ. ಅವನು ಮೊಣಕಾಲು ತುಸು ಇಳಿಸಿ, ಕಾಲು ಅಗಲಿಸಿ, ಬೆನ್ನು ಕೊಡುತ್ತಾನೆ. ಚೀಲ ಹೆಗಲಿಗೂ ಕತ್ತಿನ ಬುಡಕ್ಕೂ ಅಂಟಿಕೊಂಡ ಮೇಲೆ ಹೆಜ್ಜೆ. ತಿರುಗಬೇಕಾದರೆ ಸೊಂಟ ತಿರುಚುವುದಿಲ್ಲ, ಪಾದ ತಿರುಗಿಸುತ್ತಾನೆ. ಭಾರ ಮೈಗೆ ಹತ್ತಿರ, ಬಗ್ಗಿ ತಿರುಚುವುದು ಎರಡೂ ಒಟ್ಟಿಗೆ ಬೇಡ, ದೊಡ್ಡದಕ್ಕೆ ಇನ್ನೊಬ್ಬರು: ಪಾಠ ಇಷ್ಟೇ. ನಾನು ಕೊತ್ತಂಬರಿಗೆ ಬಗ್ಗಿದಾಗ ಒಲೆಯ ಕಡೆಯಿಂದ ಸೊಂಟವನ್ನಷ್ಟೇ ತಿರುಚಿ ಬಗ್ಗಿದ್ದೆ, ಪಾದ ಇದ್ದಲ್ಲೇ ಇತ್ತು.

ಹಾಗೆಂದು ಅವರ ಸೊಂಟವೇನು ಕಬ್ಬಿಣದ್ದಲ್ಲ. ಒಬ್ಬ ಗಂಡಸು ಹೊರುವ ಭಾರ 55 ಕಿಲೊ ದಾಟಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತು. ಇಲ್ಲಿ ನೂರು ಕಿಲೊ ಚೀಲ ಬೆನ್ನಿಗೆ ಬೀಳುವುದು ಆಮೇಲೂ ನಡೆದೇ ಇತ್ತು. ಡಾ. ಬಾಬಾ ಆಢಾವ್ ಕಟ್ಟಿದ ಹಮಾಲ ಪಂಚಾಯತ್ ಪುಣೆಯಲ್ಲಿ ಹೊರೆಯ ಲೆಕ್ಕ, ಕೂಲಿಯ ಲೆಕ್ಕ ಎರಡನ್ನೂ ಕೇಳಿತು. ಮಹಾರಾಷ್ಟ್ರಕ್ಕೆ 1969ರಲ್ಲಿ ಹೊರೆ ಹೊರುವವರಿಗಾಗಿ ಮಾಥಾಡಿ ಕಾಯಿದೆ ಬಂತು. ಪಕ್ಕದಲ್ಲಿ ಬೀಡಿ ಹಚ್ಚಿ ಕೂತಿದ್ದ ಆಳಂದದ ಕಡೆಯ ಒಬ್ಬರು ನನ್ನ ನಡಿಗೆ ನೋಡಿ ಕನ್ನಡದಲ್ಲೇ, ‘ಏನ್ ಎತ್ತಿದ್ರಿ ಸಾಹೇಬ್ರ?’ ಎಂದು ಕೇಳಿದರು. ಕೊತ್ತಂಬರಿ ಎಂದೆ. ಅವರು ಬೀಡಿ ಬಾಯಿಂದ ತೆಗೆದು ನಗತೊಡಗಿದರು, ಪಕ್ಕದವನಿಗೂ ಹೇಳಿದರು.

12. ಒದೆಸಿಕೊಳ್ಳುವುದಾದರೆ ಆರನೆಯ ದಿನ

ಪಾಯಾಳೂ ಎಂದರೆ ಕಾಲು ಮುಂದಾಗಿ ಹುಟ್ಟಿದವರು. ಅವರ ಪಾದ ತಾಗಿದರೆ ಉಳುಕು ಬಿಡುತ್ತದೆಂಬ ನಂಬಿಕೆ ಮಹಾರಾಷ್ಟ್ರದಲ್ಲಿ ಹಳೆಯದು. ನಮ್ಮ ಕಡೆಯ ಹಳ್ಳಿಗಳಲ್ಲೂ ಕೇಳಿದ್ದೇನೆ. ಕಾಕು ಬಿಡಲಿಲ್ಲ. ಆರನೆಯ ದಿನ ಮೂರನೇ ಮಹಡಿಯಿಂದ ಹತ್ತನೇ ಕ್ಲಾಸಿನ ಹುಡುಗನೊಬ್ಬನನ್ನು ಕರೆತಂದರು. ಹುಡುಗ ನಾಚಿಕೆಯಿಂದ ಕೆಂಪಾಗಿದ್ದ. ‘ಅಂಕಲ್, ಸಾರಿ’ ಎನ್ನುತ್ತ ಎಡಪಾದದ ಹೆಬ್ಬೆರಳನ್ನು ನನ್ನ ಸೊಂಟಕ್ಕೆ ಮೂರು ಸಲ ತಾಗಿಸಿದ, ಒದೆತ ಅನ್ನುವ ಹಾಗೂ ಇರಲಿಲ್ಲ. ಹೆಂಡತಿ ಅವನ ಕೈಗೆ ಶೇಂಗಾ ಉಂಡೆ ಕೊಟ್ಟಳು.

ಸೊಂಟ ಹಿಡಿದವರಲ್ಲಿ ಹೆಚ್ಚಿನವರು ಏನು ಮಾಡಿದರೂ ಮಾಡದಿದ್ದರೂ ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಅಷ್ಟರಲ್ಲಿ ಕೊನೆಗೆ ಮಾಡಿದ್ದು ಯಾವುದೋ, ಕೀರ್ತಿ ಅದಕ್ಕೆ. ಮರುದಿನ ಬೆಳಗ್ಗೆ ಮೊದಲ ಸಲ ಕೈಯೂರದೆ ಕುರ್ಚಿಯಿಂದ ಎದ್ದೆ. ಅವ್ವ ಉಪ್ಪು ಎಂದಳು. ವೈದ್ಯರು ನಡಿಗೆ ಎಂದರು. ಕಾಕು ಏನೂ ಅನ್ನಲಿಲ್ಲ. ಈಗಲೂ ಲಿಫ್ಟಿನಲ್ಲಿ ಸಿಕ್ಕಾಗ ಮೊದಲು ನನ್ನ ಸೊಂಟ ನೋಡುತ್ತಾರೆ, ಆಮೇಲೆ ಮುಖ.